ಮೂರನೇ ಮಗುವಿಗೆ ಜಾಗ

ಬ್ರೆನ್ನಾ ಷೋರೂಮಿನ ಅಂಗಳಕ್ಕೆ ಕಾಲಿಟ್ಟಾಗ ಅವಳ ಗಂಡ ಹ್ಯಾರ್ಲನ್ ಒಂದು ಹೊಸ ಪಿಕಪ್‌ನ ಹಿಂದಿನ ಸೀಟಿನೊಳಗೆ ಸೊಂಟದವರೆಗೂ ತೂರಿಕೊಂಡಿದ್ದ. ಹೊರಗೆ ಕಾಣುತ್ತಿದ್ದದ್ದು ಮಾಸಿದ ಜೀನ್ಸು, ಸಗಣಿ ಮೆತ್ತಿದ ಬೂಟು ಅಷ್ಟೆ.

ಕಟ್ಟಿಕೊಂಡ ಗಂಡನ ಬೂಟು ಯಾವ ಹೆಂಡತಿಗೆ ಗುರುತು ಸಿಗುವುದಿಲ್ಲ ಹೇಳಿ?

ಬೆಳಿಗ್ಗೆ ಇದೇ ಮನುಷ್ಯ, "ಚೊಚ್ಚಲು ಹಸು ನೋವು ತಿಂತಿದೆ, ಸ್ಕ್ಯಾನಿಂಗ್‌ಗೆ ನಾನು ಬರೋಕಾಗಲ್ಲ" ಎಂದಿದ್ದ. ಐದು ತಿಂಗಳ ಬಸುರಿ ಬ್ರೆನ್ನಾ, ಅಕ್ಕ ಲೊರೇನಳ ಜೊತೆ ಅವಳ ಕಾರಿನಲ್ಲಿ ಪೇಟೆಗೆ ಬಂದು ಸ್ಕ್ಯಾನ್ ಮಾಡಿಸಿಕೊಂಡು ಹೊರಟಿದ್ದಳು. ದಾರಿಯಲ್ಲಿ ಷೋರೂಮಿನ ಮುಂದೆ ತಮ್ಮದೇ ದೊಡ್ಡ ಪಿಕಪ್ ನಿಂತಿರುವುದು ಕಣ್ಣಿಗೆ ಬಿತ್ತು. ಅಕ್ಕನನ್ನು ಕಾರಿನಲ್ಲೇ ಬಿಟ್ಟು ಇಳಿದಳು.

"ಹಸು ಇಲ್ಲೇ ಕರು ಹಾಕ್ತಾ?"

ಹ್ಯಾರ್ಲನ್ ಬೆಚ್ಚಿಬಿದ್ದು ತಲೆ ಎತ್ತಿದ. ಪಿಕಪ್‌ನ ಚಾವಣಿಗೆ ತಲೆ ಟಣ್ಣೆಂದು ತಗುಲಿತು.

"ಬ್ರೆನ್ನಾ... ನೀನು..."

ಗಾಡಿ ಮಾರುವ ಒರಿನ್ ಓಡೋಡಿ ಬಂದ. ಹ್ಯಾರ್ಲನ್‌ನ ಶಾಲೆಯ ಗೆಳೆಯ, ಬಾಯಿಗೆ ಬೀಗವಿಲ್ಲದ ಆಸಾಮಿ.

"ಬಾ ತಾಯಿ, ನೀನಾದ್ರೂ ಇವನಿಗೆ ಬುದ್ಧಿ ಹೇಳು! ದೊಡ್ಡ ಗಾಡಿ ಕೊಟ್ಟು ಈ ಮಿಡ್‌ಸೈಜ್ ಸಣ್ಣದು ತಗೋತೀನಿ ಅಂತಾನೆ. ಇವನ ದನದ ಟ್ರೈಲರ್ ಯಾರು ಎಳೀತಾರೆ, ನಮ್ಮಪ್ಪಾನಾ? ಮಕ್ಕಳ ಸೀಟು ಎರಡೇನೋ ಹಾಯಾಗಿ ಕೂರುತ್ತೆ. ಮೂರನೇದು ಮಾತ್ರ..."

"ಒರಿನ್, ಸಾಕು" ಎಂದ ಹ್ಯಾರ್ಲನ್.

ಬ್ರೆನ್ನಾ ಬಗ್ಗಿ ಒಳಗೆ ನೋಡಿದಳು. ಹಿಂದಿನ ಸೀಟಿನ ಮೇಲೆ ಮಕ್ಕಳನ್ನು ಕಟ್ಟಿ ಕೂರಿಸುವ ಸಣ್ಣ ಸೀಟು ಎರಡು ಬಿಗಿದಿತ್ತು. ಒಂದು ಐದು ವರ್ಷದ ಮಗಳು ಜೂನಿಗೆ, ಇನ್ನೊಂದು ಎರಡು ವರ್ಷದ ಮಗ ವೆಸ್‌ಗೆ. ನಡುವೆ ಒಂದು ಅಂಗೈ ಅಗಲದ ಸಂದು.

ಅವಳ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. *ಇದಕ್ಕೆಲ್ಲಿದೆ ಜಾಗ?*

"ಇದು ಸಾಕು ನಮಗೆ" ಎಂದ ಹ್ಯಾರ್ಲನ್, ಅವಳ ಮುಖ ನೋಡದೆ.

"ನಮಗೆ ಅಂದ್ರೆ ಎಷ್ಟು ಜನ?"

ಹ್ಯಾರ್ಲನ್ ಟೋಪಿ ತೆಗೆದು ಅದರ ಅಂಚು ತಿರುವತೊಡಗಿದ.

"ಲೆಕ್ಕ ಬರಲ್ವಾ ನಿನಗೆ? ದೊಡ್ಡದರಲ್ಲಿ ಮೂರು ಸೀಟೂ ಸಲೀಸಾಗಿ ಹಿಡಿಸುತ್ತೆ. ಅದಕ್ಕೇ ತಾನೆ ವೆಸ್ ಹುಟ್ಟಿದಾಗ ನಾನು ಹಟ ಹಿಡಿದು ಅದನ್ನ ಆರಿಸಿದ್ದು!"

"ದೊಡ್ಡದು ಬೇಡ. ಅಷ್ಟೆ."

"ಯಾಕೆ ಬೇಡ?"

"ಬೇಡ ಅಂದ್ನಲ್ಲ!"

ಡಿಸೆಂಬರಿನಲ್ಲಿ, ಮತ್ತೆ ಬಸುರಿ ಎಂದು ಅವಳು ನಾಚುತ್ತ ಹೇಳಿದ್ದ ದಿನ ನೆನಪಾಯಿತು. ಅವನು ಕಿಟಕಿಯ ಹತ್ತಿರ ಹೋಗಿ ನಿಂತು, "ಇನ್ನೊಂದಾ..." ಎಂದವನು ಕೋಟು ಹಾಕಿಕೊಂಡು ದನಗಳಿಗೆ ಹುಲ್ಲು ಹಾಕಲು ಹೊರಟುಹೋಗಿದ್ದ. ಅಂದಿನಿಂದ ಅವಳು ಆ ಒಂದು ಮಾತನ್ನು ಕಹಿ ಗುಳಿಗೆಯಂತೆ ನಾಲಿಗೆಯ ಕೆಳಗೆ ಇಟ್ಟುಕೊಂಡೇ ಬಂದಿದ್ದಳು.

"ಈ ಮಗು ನಿನಗೆ ಬೇಡ. ಬಾಯಿಬಿಟ್ಟು ಹೇಳೋ ಧೈರ್ಯ ಇಲ್ಲ, ಅದಕ್ಕೆ ಗಾಡಿ ಕೈಲಿ ಹೇಳಿಸ್ತಿದೀಯಾ."

"ಹೇಗೆ ಬೇಕೋ ಹಾಗೆ ಅಂದ್ಕೋ!"

ಹೇಳಬೇಕಾದ ಹೊತ್ತಿನಲ್ಲಿ ಬಾಯಿಗೆ ಬೆಣೆ ಹೊಡೆದುಕೊಂಡು, ಹೇಳಬಾರದ ಮಾತನ್ನು ಮಾತ್ರ ಸರಿಯಾಗಿ ಎಸೆಯುವ ಗಂಡಸರು ನಮ್ಮ ಮೊಂಟಾನಾ ಸೀಮೆಯಲ್ಲಿ ಬೇಲಿ ಕಂಬಗಳಷ್ಟಿದ್ದಾರೆ. ಬ್ರೆನ್ನಾ ಅವನ ಕೈಯಲ್ಲಿದ್ದ ದೊಡ್ಡ ಪಿಕಪ್‌ನ ಕೀಲಿ ಕಿತ್ತುಕೊಂಡಳು. ಆ ಎತ್ತರದ ಗಾಡಿಯನ್ನು ಉಸಿರು ಕಟ್ಟಿ ಹತ್ತಿದಳು. ಕನ್ನಡಿಯಲ್ಲಿ ಅವನು ಟೋಪಿ ಕೈಯಲ್ಲಿ ಹಿಡಿದು ನಿಂತದ್ದು ಕಾಣಿಸಿತು.

*ಒಂದು ಹೆಜ್ಜೆ... ಒಂದೇ ಒಂದು ಹೆಜ್ಜೆ ಮುಂದೆ ಬಾ, ನಿಲ್ಲಿಸ್ತೀನಿ.*

ಅವನು ಬರಲಿಲ್ಲ.

ಮಕ್ಕಳು ಅಕ್ಕನ ಮನೆಯಲ್ಲಿ ಭಾವನ ಹತ್ತಿರ ಇದ್ದರು. ಅವಳೂ ಅಲ್ಲೇ ಉಳಿದುಬಿಟ್ಟಳು. ಅವನಿಂದ ಫೋನು ಬಂದರೆ ಮಕ್ಕಳ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದಳು.

"ಹೋಗಿ ಒಂದ್ಸಲ ಮಾತಾಡೇ" ಎನ್ನುತ್ತಿದ್ದಳು ಲೊರೇನ್.

"ಬೇಡ ಅಂದೋನ ಮನೆ ಬಾಗಿಲು ಬಡೀಲಾ, ಅಕ್ಕಾ?"

ಹ್ಯಾರ್ಲನ್‌ನನ್ನು ಮೊದಲು ಭೇಟಿಯಾದ ದಿನ ಮಾತ್ರ ಬೇಡವೆಂದರೂ ಕಣ್ಣ ಮುಂದೆ ಬರುತ್ತಿತ್ತು. ಅವಳು ಪೇಟೆಯ ಹುಡುಗಿ, ಅಕ್ಕನ ಮದುವೆಗೆ ಬಂದವಳು. ಯಾರದೋ ಪಿಕಪ್ ಹತ್ತಿ ಊಟದ ಜಾಗಕ್ಕೆ ಹೊರಟಿದ್ದಳು. ತಂತಿಬೇಲಿಯ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಆ ಯಾರೋ ಸುಮ್ಮನೆ ಕೂತುಬಿಟ್ಟ.

"ಇಳೀತೀಯಾ, ಇಲ್ಲ ಸಂಜೆವರೆಗೂ ಇಲ್ಲೇ ಕೂತಿರೋಣ್ವಾ?"

"ನಾನ್ಯಾಕೆ ಇಳೀಲಿ?"

"ಪಕ್ಕದಲ್ಲಿ ಕೂತೋರು ಗೇಟು ತೆಗೀಬೇಕು. ನಮ್ಮ ಕಡೆ ಅದೇ ಕಾನೂನು. ಗವರ್ನರ್ ಕೂತಿದ್ರೂ ಇಳೀಲೇಬೇಕು."

ಆ ಬಿಗಿ ತಂತಿಯ ಜೊತೆ ಗುದ್ದಾಡಿ ಅವಳ ಹೊಸ ಫ್ರಾಕು ಹರಿದಿತ್ತು. ಅವನು ಹೊಟ್ಟೆ ಹಿಡಿದು ನಕ್ಕಿದ್ದ! ಅವಳು ಒಂದು ಮುಷ್ಟಿ ಕೆಸರು ತೆಗೆದು ನೇರ ಅವನ ಮುಖಕ್ಕೆ ಎಸೆದಿದ್ದಳು. ಮುಂದಿನ ವರ್ಷ ಇಬ್ಬರೂ ಗಂಡಹೆಂಡಿರು.

ಆ ನಗು ಎಲ್ಲಿ ಹೋಯಿತು?

ಏಪ್ರಿಲ್ ಬಂದರೂ ನೆರಳಿನಲ್ಲಿ ಹಿಮ ಕರಗಿರಲಿಲ್ಲ. ಒಂದು ಮಧ್ಯಾಹ್ನ ಬ್ರೆನ್ನಾ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಅಂಗಡಿಗೆ ಹೋಗಿ, ಡಯಾಪರಿನ ದೊಡ್ಡ ಪೆಟ್ಟಿಗೆಯೊಂದನ್ನು ಹೇರಿಕೊಂಡು ವಾಪಸು ಬಂದಳು. ಅಕ್ಕನ ಜಮೀನಿನ ಗೇಟು ಹಾಕಿತ್ತು.

"ಜೂನೀ, ಇಳಿಯೇ. ಗೇಟು ತೆಗಿ ಚಿನ್ನಾ."

ಹಿಂದಿನ ಬೇಸಿಗೆಯಲ್ಲಿ ಈ ಕೆಲಸಕ್ಕಾಗಿ ಅತ್ತು ರಂಪ ಮಾಡುತ್ತಿದ್ದ ಹುಡುಗಿ ಈಗ ಅಲುಗಾಡಲಿಲ್ಲ.

"ನಾನು ಗೇಟು ತೆಗಿಯಲ್ಲ. ಅಪ್ಪ ಬೇಡ ಅಂದಿದಾರೆ."

"ಯಾಕಂತೆ?"

"ಹೇಳ್ಬಾರ್ದು. ಅದು ನಂಗೆ, ಅಪ್ಪಂಗೆ, ಟಿಪ್‌ಗೆ ಮಾತ್ರ ಗೊತ್ತು."

ಟಿಪ್ ಅವರ ಮನೆಯ ನಾಯಿ.

ಮಕ್ಕಳಾಟ ಎಂದುಕೊಂಡು ಬ್ರೆನ್ನಾ ತಾನೇ ಇಳಿದಳು. ಎಂಜಿನ್ ಓಡುತ್ತಲೇ ಇತ್ತು. ಗಾಡಿಯ ಮುಂದೆ ಹಾದು ಗೇಟಿನ ಕಡೆ ಎರಡು ಹೆಜ್ಜೆ ಇಟ್ಟಿರಬಹುದು, ಅಷ್ಟರಲ್ಲಿ ಒಳಗಿನಿಂದ ಎದೆ ಸೀಳುವಂಥ ಕಿರುಚಾಟ!

"ಅಮ್ಮಾ! ಮುಂದೆ ಹೋಗ್ಬೇಡಾ! ಗಾಡಿಗೆ ನೀನು ಕಾಣಲ್ಲ! ಬಾ ಈ ಕಡೆ! ಅಮ್ಮಾ!"

ಬ್ರೆನ್ನಾ ಓಡಿ ಬಂದು ಎಂಜಿನ್ ನಿಲ್ಲಿಸಿ ಮಗಳನ್ನು ತಬ್ಬಿಕೊಂಡಳು.

"ಏನಾಯ್ತು ಪುಟ್ಟಾ? ಅಮ್ಮನ ಹತ್ರ ಹೇಳು."

"ನನ್ನ ಗ್ಲೌಸ್ ಬಿದ್ದಿತ್ತು... ಗೇಟು ತೆಗೆದೆ... ಗ್ಲೌಸ್ ಎತ್ಕೊಳ್ಳೋಕೆ ಬಗ್ಗಿದೆ... ಗಾಡಿ ಬಂದ್ಬಿಡ್ತು ಅಮ್ಮಾ. ನನ್ನ ಟೋಪಿ ಮುಟ್ತು. ಟಿಪ್ ಕೂಗ್ತು. ಅಪ್ಪ ತುಂಬಾ ಅತ್ರು. ಅಮ್ಮಂಗೆ ಹೇಳ್ಬೇಡ ಅಂದ್ರು."

ಬ್ರೆನ್ನಾ ಮಗಳ ಕಣ್ಣೊರೆಸಿದಳು.

ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. ಡಯಾಪರಿನ ಪೆಟ್ಟಿಗೆಯನ್ನು ಬಂಪರಿನ ಮುಂದೆ ನೆಟ್ಟಗೆ ನಿಲ್ಲಿಸಿ ಅದರ ಮೇಲೆ ಜೂನಿಯ ಕೆಂಪು ಟೋಪಿ ಇಟ್ಟಳು. ಆಮೇಲೆ ಡ್ರೈವರ್ ಸೀಟಿಗೆ ಹತ್ತಿ ಕೂತಳು.

ಅಗಲವಾದ ಬಾನೆಟ್ಟು. ಅದರಾಚೆ ಗೇಟು, ಹಿಮ, ಆಕಾಶ.

ಪೆಟ್ಟಿಗೆ ಇಲ್ಲ. ಟೋಪಿಯೂ ಇಲ್ಲ!

ಕತ್ತು ನಿಗುರಿಸಿದಳು. ಸೀಟಿನಿಂದ ಮೇಲೆದ್ದಳು. ಏನೂ ಕಾಣಲಿಲ್ಲ. *ನಾನು ಆರಿಸಿದ ಗಾಡಿ... ಎತ್ತರ ಇದ್ರೆ ಮಕ್ಕಳಿಗೆ ಕ್ಷೇಮ ಅಂತ ನಾನೇ ಹಟ ಹಿಡಿದು ಆರಿಸಿದ್ದು...* ಸ್ಟೀರಿಂಗಿಗೆ ಹಣೆ ಒತ್ತಿ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಅತ್ತು ಮುಗಿದ ಮೇಲೆ ಬಂದದ್ದು ಸಿಟ್ಟು. ಮಕ್ಕಳನ್ನು ಲೊರೇನಳ ಮಡಿಲಿಗೆ ಹಾಕಿ, ಅವಳ ಕಾರು ತೆಗೆದುಕೊಂಡು ಹೊರಟಳು.

ತನ್ನ ಮನೆಯ ದಾರಿಯ ಬಾಯಲ್ಲಿ ಗಕ್ಕನೆ ಬ್ರೇಕು ಹಾಕಿದಳು. ಗೇಟೇ ಇರಲಿಲ್ಲ! ಗೇಟಿದ್ದ ಜಾಗದಲ್ಲಿ ಗುಂಡಿ ತೋಡಿ ಅಡ್ಡಡ್ಡ ಕಬ್ಬಿಣದ ಕೊಳವೆಗಳನ್ನು ಹಾಸಿತ್ತು. ದನಗಳು ಅದರ ಮೇಲೆ ಕಾಲಿಡುವುದಿಲ್ಲ, ಗಾಡಿ ಮಾತ್ರ ದಾಟುತ್ತದೆ. ಯಾರೂ ಇಳಿಯಬೇಕಿಲ್ಲ. ಕರು ಹಾಕುವ ಕಾಲದಲ್ಲಿ, ನಿದ್ದೆಗೂ ಪುರುಸೊತ್ತಿಲ್ಲದ ಹೊತ್ತಿನಲ್ಲಿ, ಕಲ್ಲಿನಂಥ ನೆಲವನ್ನು ಒಬ್ಬನೇ ಅಗೆದಿದ್ದಾನೆ.

ಹ್ಯಾರ್ಲನ್ ಕೊಟ್ಟಿಗೆಯಲ್ಲಿ ಒದ್ದೆ ಕರುವಿನ ಮೈ ಒರೆಸುತ್ತಿದ್ದ. ಕೆನ್ನೆ ಒಳಗೆ ಹೋಗಿತ್ತು. ಅವಳನ್ನು ಕಂಡು ಎದ್ದು ನಿಂತ.

"ಐದು ವರ್ಷದ ಮಗು ಕಣೋ ಅದು!" ಎಂದು ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು. "ಅದರ ಬಾಯಿಗೆ ಬೀಗ ಹಾಕಿದೆಯಲ್ಲ! ಚಳಿಗಾಲ ಪೂರ್ತಿ ಅದೊಂದೇ ಆ ಗುಟ್ಟು ಹೊತ್ಕೊಂಡು ತಿರುಗ್ತು. ನಿನ್ನ ಮರ್ಯಾದೆ ಉಳೀಲಿ ಅಂತ!"

ಅವನು ತಪ್ಪಿಸಿಕೊಳ್ಳಲಿಲ್ಲ.

"ಹೇಳಿದ್ಳಾ?" ಎಂದ ಮೆಲ್ಲಗೆ.

"ಹೇಳಿದ್ಳು. ಈಗ ನೀನು ಹೇಳು."

ಹ್ಯಾರ್ಲನ್ ಕರು ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟ.

"ನವೆಂಬರ್‌ನಲ್ಲಿ. ಗೇಟು ತೆಗೆದು ಯಾವಾಗಲೂ ಕಂಬದ ಹತ್ರ ನಿಂತ್ಕೋತಿದ್ಳಲ್ಲ, ಅಲ್ಲೇ ಇದಾಳೆ ಅಂದ್ಕೊಂಡೆ. ಬ್ರೇಕ್ ಬಿಟ್ಟೆ. ಟಿಪ್ ಚಕ್ರಕ್ಕೇ ಬಾಯಿ ಹಾಕಿ ಬೊಗಳ್ತು. ನಿಲ್ಲಿಸಿ ಇಳಿದೆ. ಯಾಕೆ ಇಳಿದೆ ಗೊತ್ತಾ? ನಾಯಿಗೆ ಒದೆಯೋಕೆ. ನಾಯಿಗೆ ಒದೆಯೋಕೆ ಇಳಿದೆ, ಬ್ರೆನ್ನಾ! ನೋಡಿದ್ರೆ ಬಂಪರ್ ಕೆಳಗೆ ಅವಳ ಬೂಟು..."

ಅವನು ಗೋಡೆಗೆ ಒರಗಿದ.

"ನೀನು ಇನ್ನೊಂದು ಮಗು ಅಂದಾಗ ನನಗೆ ಆ ಬೂಟೇ ಕಂಡಿದ್ದು. ಇರೋದನ್ನೇ ಕಾಯೋಕಾಗದೋನಿಗೆ ಇನ್ನೊಂದಾ... ಅನ್ನಿಸ್ತು."

"ನನಗೆ ಯಾಕೆ ಹೇಳ್ಲಿಲ್ಲ?"

"ಗಾಡಿ ಆರಿಸಿದೋಳು ನೀನು. ನಿನ್ನನ್ನೇ ನೀನು ತಿಂದ್ಕೋತಿದ್ದೆ."

"ಅದಷ್ಟೇನಾ?"

ಅವನು ತಲೆ ತಗ್ಗಿಸಿದ. "ಅಲ್ಲ. ಹೇಳಿದ್ರೆ ಮಕ್ಕಳನ್ನ ನನ್ನ ಜೊತೆ ಕಳಿಸಲ್ಲ ಅಂತ ಹೆದರಿದೆ."

"ಕಳಿಸ್ತಿರ್ಲಿಲ್ಲ" ಎಂದಳು ಬ್ರೆನ್ನಾ. "ಈಗಲೂ ಕಳಿಸ್ತೀನೋ ಇಲ್ವೋ, ನನಗೇ ಗೊತ್ತಿಲ್ಲ."

ಈ ಮಾತು ಅವನಿಗೆ ಗುದ್ದಿಗಿಂತ ಜೋರಾಗಿ ತಗುಲಿತು. ತಗುಲಲಿ ಎಂದೇ ಅವಳು ಆಡಿದ್ದಳು. ಪ್ರೀತಿ ಇದ್ದಲ್ಲಿ ಕ್ಷಮೆ ತಾನಾಗಿ ಓಡಿ ಬರುತ್ತದೆ ಎನ್ನುವವರು ಇಂಥ ಕೊಟ್ಟಿಗೆಯಲ್ಲಿ ಒಮ್ಮೆ ನಿಂತು ನೋಡಬೇಕು.

ಹೊರಗೆ ಬಂದಾಗ ಅಂಗಳದಲ್ಲಿ ಆ ಸಣ್ಣ ಪಿಕಪ್ ಕಂಡಿತು. ನಡೆದು ತಿರುಗಬೇಡ ಎಂದು ಒರಿನ್ ಓಡಿಸಿಕೊಂಡಿರಲು ಕೊಟ್ಟಿದ್ದನಂತೆ. ಬ್ರೆನ್ನಾ ಹಿಂದಿನ ಬಾಗಿಲು ತೆರೆದಳು.

ಮೂರು ಸೀಟು.

ಕಿರಿದಾದ, ಹೊಸ ಸೀಟುಗಳು. ಒಂದಕ್ಕೊಂದು ಭುಜ ಒತ್ತಿಕೊಂಡು ಕೂತಿದ್ದವು. ನಡುವಿನದು ಹಸುಗೂಸಿನದು.

"ಅವತ್ತು ಷೋರೂಮಲ್ಲೂ ಮೂರನೇದು ಇತ್ತು" ಎಂದ ಹಿಂದೆ ನಿಂತಿದ್ದ ಹ್ಯಾರ್ಲನ್. "ಆ ಅಗಲದ್ದು ಹಿಡಿಸಲಿಲ್ಲ, ಆಚೆ ಬದಿ ನೆಲದ ಮೇಲಿಟ್ಟಿದ್ದೆ. ನೀನು ಈ ಕಡೆಯಿಂದ ಬಂದೆ. ಆಮೇಲೆ ಕಿರಿದಾದ್ದು ತರಿಸಿದೆ. ಬಾಗಿಲು ಭುಜ ಕೊಟ್ಟು ತಳ್ಳಿದ್ರೆ ಹಾಕ್ಕೊಳ್ಳುತ್ತೆ."

"ಅವತ್ತೇ ಅದೊಂದು ಮಾತು ಆಡೋಕೆ ಏನಾಗಿತ್ತೋ ನಿನಗೆ!"

"ಅದೊಂದು ಹೇಳಿದ್ರೆ ಎಲ್ಲಾ ಹೇಳ್ಬೇಕಾಗ್ತಿತ್ತು."

ಅವಳು ಆ ನಡುವಿನ ಸೀಟಿನ ಮೇಲೆ ಕೈಯಾಡಿಸಿದಳು. ಸಿಟ್ಟು ಇಳಿದಿರಲಿಲ್ಲ. ಆದರೆ ಈ ಮಗು ಬೇಡದ ಮಗುವಲ್ಲ! ತಿಂಗಳುಗಟ್ಟಲೆ ಎದೆಯಲ್ಲಿ ಕೂತಿದ್ದ ಕಲ್ಲು ಅದೊಂದು. ಅದು ಇಳಿಯಿತು.

"ಕೀಲಿ ಕೊಡು. ಮಕ್ಕಳನ್ನ ಕರ್ಕೊಂಡು ಬರೋಣ. ಓಡಿಸೋದು ನಾನು."

ಲೊರೇನಳ ಗೇಟಿನ ಮುಂದೆ ಅವಳು ಗಾಡಿ ನಿಲ್ಲಿಸಿದಳು. ಹ್ಯಾರ್ಲನ್ ಸುಮ್ಮನೆ ಕೂತಿದ್ದ.

"ಪಕ್ಕದಲ್ಲಿ ಕೂತೋರು ಇಳೀಬೇಕು" ಎಂದಳು ಬ್ರೆನ್ನಾ.

ಅವನು ಇಳಿದು ಗೇಟು ತೆಗೆದ. ಆದರೆ ಕಂಬದ ಹತ್ತಿರ ನಿಲ್ಲಲಿಲ್ಲ. ನೇರ ಬಂದು ಬಂಪರಿನ ಮುಂದೆ, ಮಂಡಿ ಊರಿ, ಮಗಳಷ್ಟೇ ಎತ್ತರವಾಗಿ ನಿಂತ. ಬ್ರೆನ್ನಾ ಬ್ರೇಕನ್ನು ಪೂರ್ತಿ ಒತ್ತಿ, ಎಂಜಿನ್ ಆರಿಸಿ, ಗಾಜು ಇಳಿಸಿದಳು.

"ಕಾಣ್ತೀನಾ?" ಎಂದು ಕೂಗಿದ.

"ಟೋಪಿ ಕಾಣ್ತಿದೆ. ಕಣ್ಣೂ ಕಾಣ್ತಿದೆ."

"ಅಷ್ಟೇನಾ?"

"ಅಷ್ಟೇ. ಅದಕ್ಕೇ ಇದರಲ್ಲೂ ನಾನು ಇಳಿದು ನೋಡ್ತೀನಿ. ನೀನೂ ಇಳಿದು ನೋಡ್ಬೇಕು. ಪ್ರತಿ ಸಲ."

"ನೋಡ್ತೀನಿ."

"ಜೂನಿ ಹತ್ರ ನೀನೇ ಹೇಳ್ಬೇಕು, ಇನ್ನು ಗುಟ್ಟು ಬೇಡ ಅಂತ. ಕ್ಷಮೆ ಕೇಳ್ಬೇಕು."

"ಕೇಳ್ತೀನಿ." ಅವನು ಇನ್ನೂ ಮಂಡಿಯ ಮೇಲೇ ಇದ್ದ. "ನಿನ್ನನ್ನೂ ಕೇಳ್ಬೇಕು."

"ನನ್ನದು ಸದ್ಯಕ್ಕೆ ಮುಗಿಯಲ್ಲ, ಹ್ಯಾರ್ಲನ್. ದಿನಾ ಸ್ವಲ್ಪ ಸ್ವಲ್ಪ ಕೇಳ್ತಿರು."

ಅವನು ಹೂಂ ಎಂದು ತಲೆಯಾಡಿಸಿ ಕಣ್ಣೊರೆಸಿಕೊಂಡ. ಆಮೇಲೆ, ಕೇಳಲೋ ಬೇಡವೋ ಎನ್ನುವಂತೆ ಕೇಳಿದ.

"ಸ್ಕ್ಯಾನಿಂಗ್‌ನಲ್ಲಿ... ಏನಂದ್ರು?"

"ಈಗ ನೆನಪಾಯ್ತಾ?"

"ದಿನಾ ನೆನಪಾಗ್ತಿತ್ತು. ಕೇಳೋಕೆ ಮುಖ ಇರ್ಲಿಲ್ಲ."

ಬ್ರೆನ್ನಾ ಕಿಟಕಿಯಿಂದ ಕೈ ಹೊರಗೆ ಚಾಚಿದಳು. ಅವನು ಎದ್ದು ಬಂದು, ಕರುವಿನ ವಾಸನೆ ಬಡಿಯುತ್ತಿದ್ದ ತನ್ನ ಒರಟು ಕೈಯಲ್ಲಿ ಅದನ್ನು ಹಿಡಿದುಕೊಂಡ.

"ಹೆಣ್ಣು ಮಗು" ಎಂದಳು. "ಗೇಟು ತೆಗಿಯೋಕೆ ಇನ್ನೊಬ್ಬಳು."

"ಇಲ್ಲ" ಎಂದ ಹ್ಯಾರ್ಲನ್, ಅವಳ ಬೆರಳುಗಳಿಗೆ ಹಣೆ ಒತ್ತಿ. "ಗೇಟು ನಾನೇ ತೆಗಿತೀನಿ."