ಕಾವಳಪುರದ ಕಲ್ಲವ್ವನ ಕೈ

ಬಹಳ ಹಿಂದೆ, ಬಡಗಣ ಸೀಮೆಯ ಒಂದು ರಾಜ್ಯದಲ್ಲಿ ಕಾವಳಪುರ ಎಂಬ ಪುಟ್ಟ ಊರಿತ್ತು. ಕಣ್ಣು ಹಾಯಿಸಿದಲ್ಲೆಲ್ಲ ಮಂಜು, ಮಂಜು ಸರಿದರೆ ಕುರಿ. ನೋಡುವಂಥದ್ದು ಅಂದರೆ ಒಂದು ಬಿದ್ದ ಕೋಟೆ, ಒಂದು ಸೂರಿಲ್ಲದ ಮಠ. ಅಷ್ಟಕ್ಕೇ ದೇಶಾಂತರದಿಂದ ಜನ ಬರುತ್ತಿದ್ದರು. ಮನೆಯಲ್ಲಿ ನೆಮ್ಮದಿಯಿದ್ದವರು ಅಷ್ಟು ದೂರ ಯಾಕೆ ಬಂದಾರು?

ಊರನ್ನು ಆಳುತ್ತಿದ್ದವನು ಬೂದಿಗಣ್ಣ ಎಂಬ ಮಾಂತ್ರಿಕ. ಬಂದವರ ಬಾಯಿಂದ ಹೊರಡುವ 'ಅಬ್ಬಾ!' ಎಂಬ ಉದ್ಗಾರವೇ ಅವನ ಆಹಾರ. ಅದಕ್ಕೇ ಕೋಟೆಯಲ್ಲಿ ಬೆಂಕಿ ಉಗುಳುವ ನಾಯಿ, ಮಠದಲ್ಲಿ ಮಾತಾಡುವ ಕಾಗೆ ಸಾಕಿದ್ದ. ನೂಲುವ ಹೆಂಗಸೊಬ್ಬಳು ಮಾತ್ರ, "ಇದೇನು ಮಹಾ! ನಮ್ಮ ಟಗರು ಇದಕ್ಕಿಂತ ಜೋರು," ಎಂದು ನಕ್ಕಳು. ನಕ್ಕಲ್ಲೇ ಕಲ್ಲಾದಳು, ಸೊಂಟಕ್ಕೆ ನೂಲಿನ ಕದಿರು ಸಿಕ್ಕಿಸಿಕೊಂಡು, ಬಲಗೈ ಚಾಚಿಕೊಂಡು.

ಅವಳ ಮಗಳು ದುಗ್ಗಳೆ ಗೋಳಾಡಿದಳು. "ಅಳಬೇಡ ಮಗಾ," ಎಂದ ಬೂದಿಗಣ್ಣ. "ಜನ ಕೈ ಮುಟ್ಟಲಿ. ಮುಟ್ಟಿ ಮುಟ್ಟಿ ಬಿಸಿಯಾಗಿ ಒಂದು ದಿನ ಎದ್ದಾಳು."

ದುಗ್ಗಳೆ ನಂಬಿದಳು. ಬಂದವರಿಗೆ ಊರು ತೋರಿಸುವುದೇ ಅವಳ ಕಸುಬಾಯಿತು. "ಬನ್ನಿ ಸ್ವಾಮಿ, ಬನ್ನಿ ತಾಯಿ, ಕಲ್ಲವ್ವನ ಕೈ ಮುಟ್ಟಿ, ನೆನೆಸಿದ್ದು ಆಗುತ್ತೆ!" ಎಂದು ತಾನೇ ಕೂಗಿ ಕರೆದಳು. ವರ್ಷಗಳು ಉರುಳಿದವು. ಒಂದು ಬೆಳಗ್ಗೆ ಕಲ್ಲು ತೊಳೆಯುವಾಗ ನೋಡುತ್ತಾಳೆ, ಅವ್ವನ ಬೆರಳುಗಳೇ ಇಲ್ಲ! ಕೈ ಬಿಸಿಯಾಗಿಲ್ಲ, ಸವೆದಿದೆ. ಹೀಗೇ ಬಿಟ್ಟರೆ ಅವ್ವನೇ ಉಳಿಯುವುದಿಲ್ಲ.

ಆಗ ಅವಳಿಗೆ ಅವ್ವನ ಕೊನೆಯ ನಗು ನೆನಪಾಯಿತು. ಮಾಂತ್ರಿಕ ಹೆದರಿದ್ದು ಅದೊಂದಕ್ಕೇ.

ಅಂದು ಜನರನ್ನು ಕೋಟೆಗೆ ಕರೆದೊಯ್ದಳು. ನಾಯಿ ಬೆಂಕಿ ಉಗುಳಿತು. "ಇಲ್ಲಿ ಎಷ್ಟು ವೀರರು ಮಡಿದರು?" ಎಂದು ಒಬ್ಬ ಕೇಳಿದ.

"ಒಬ್ಬನೂ ಇಲ್ಲ ಸ್ವಾಮಿ. ಯುದ್ಧವೇ ಆಗಲಿಲ್ಲ. ನಮ್ಮಜ್ಜಂದಿರು ಕಲ್ಲು ಹೊತ್ತೊಯ್ದು ಕುರಿದೊಡ್ಡಿ ಕಟ್ಟಿಕೊಂಡರು."

ಜನ ಆಕಳಿಸಿದರು. ನಾಯಿ ಕುಗ್ಗಿ ಕುಗ್ಗಿ ಇಲಿಯಾಗಿ ಬಿಲ ಸೇರಿತು.

ಮಠಕ್ಕೆ ಹೋದರು. "ಇಲ್ಲಿನ ಗಂಟೆ ತಾನಾಗಿ ಮೊಳಗುತ್ತೆ!" ಎಂದಿತು ಕಾಗೆ.

"ಗಂಟೆ ಎಲ್ಲಿದೆ? ಸೂರಿಗೆ ಹೊದಿಸಿದ್ದ ಸೀಸದ ತಗಡಿನ ಜೊತೆಗೆ ಮಠದವರೇ ಮಾರಿ ಉಂಡರಲ್ಲ," ಎಂದಳು ದುಗ್ಗಳೆ.

ಜನ ಆಕಳಿಸಿದರು. ಕಾಗೆ ಪುಡಿ ಬೂದಿಯಾಗಿ ಉದುರಿತು.

ಮೂರನೆಯದು ಅವ್ವ. ಕಲ್ಲಿನ ಮುಂದೆ ಸಾಲು ನಿಂತಿತ್ತು. ಪಕ್ಕದಲ್ಲಿ ಬೂದಿಗಣ್ಣ, ಸೊರಗಿ ಕಡ್ಡಿಯಾಗಿದ್ದ. ಛತ್ರದವರು ಓಡಿಬಂದು, "ಬಾಯಿ ಮುಚ್ಚೇ! ಊರಿನ ಅನ್ನಕ್ಕೆ ಮಣ್ಣು ಹಾಕ್ತೀಯಾ?" ಎಂದರು.

"ಈಕೆ ನನ್ನ ಹೆತ್ತವ್ವ," ಎಂದಳು ದುಗ್ಗಳೆ.

"ಅಬ್ಬಾ! ಪಾಪ!" ಎಂದು ಜನ ಕಣ್ಣೊರೆಸಿಕೊಂಡು, ಇನ್ನೂ ಮುಗಿಬಿದ್ದು ಮುಟ್ಟಿದರು. ಬೂದಿಗಣ್ಣನ ಕೆನ್ನೆ ತುಂಬಿತು. ಮರುಕವೂ ಅವನಿಗೆ ಹಬ್ಬದೂಟವೇ.

ದುಗ್ಗಳೆ ಕಿರುಚಿದಳು: "ಮುಟ್ಟಿ ಹೋದವರಲ್ಲಿ ಯಾರಿಗೆ ಏನು ಸಿಕ್ಕಿತು? ಹೇಳಿ!"

ಸಾಲಿನಲ್ಲಿದ್ದ ಮುದುಕಿಯೊಬ್ಬಳು, "ನಾನು ಮೂರು ಸಲ ಬಂದೆ ಕಣವ್ವ. ಗುಡ್ಡ ಹತ್ತಿ ಹತ್ತಿ ಮಂಡಿನೋವು ಹೆಚ್ಚಾಯಿತು, ಅಷ್ಟೇ," ಎಂದಳು.

ಯಾರೋ ಕಿಸಕ್ಕೆಂದರು. ಸಾಲೆಲ್ಲ ನಕ್ಕಿತು. ಬೂದಿಗಣ್ಣ ಬಿಸಿಲು ತಾಗಿದ ಮಂಜಿನಂತೆ ಕರಗಿಹೋದ.

ಅವ್ವ ಉಸಿರೆಳೆದಳು. "ಏನೇ ಇದು, ಇಷ್ಟೊಂದು ಜನ?" ಎನ್ನುತ್ತ ಕದಿರಿಗೆ ಕೈ ಹಾಕಿದಳು. ಕದಿರು ಜಾರಿತು. ಕೈಯನ್ನು ತಿರುವಿ ನೋಡಿಕೊಂಡಳು. "ಯಾರು ಮಾಡಿದ್ದೇ ಇದನ್ನ?"

"ಜನ, ಅವ್ವಾ."

ಜನರನ್ನು ಕರೆದವರು ಯಾರು ಎಂದು ಅವ್ವ ಕೇಳಲಿಲ್ಲ.

ಅಲ್ಲಿಂದಾಚೆ ಕಾವಳಪುರಕ್ಕೆ ಮಾಂತ್ರಿಕನ ಕಾಟವಿಲ್ಲ. ಎಲ್ಲರೂ ಸುಖವಾಗಿ ಬಾಳಿದರು. ಅವ್ವನೂ ಸುಖವಾಗಿದ್ದಳು, ಮಗಳು ಕಲಸಿ ಬಾಯಿಗಿಟ್ಟ ತುತ್ತನ್ನು ಉಂಡುಕೊಂಡು.