ಕಾಪುವಿನಲ್ಲಿ ಕಳವಾದ ಡೋಲು

೧೯೬೩ರ ಮೇ ೧೭, ಶುಕ್ರವಾರ. ಬೆಳಿಗ್ಗೆ ಎಂಟೂವರೆಗೆ ಕಾಪು ಠಾಣೆಯ ಮೆಟ್ಟಿಲೇರಿದ ಎಸ್ತರ್ ಬಾಯಿ, ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ. ಕಡಲ ಬದಿಯಲ್ಲಿ ಬಟ್ಟೆ ಹೊಲಿದು ಬದುಕುವ ಆಕೆ ಪಂಚಾಯತಿಯ ಸದಸ್ಯೆಯೂ ಹೌದು.

"ಪಂಚಾಯತಿಯ ಡಂಗುರದ ಡೋಲು ಕಳವಾಗಿದೆ ಸರ್. ಬರೆದುಕೊಳ್ಳಿ."

ಸಬ್ ಇನ್‌ಸ್ಪೆಕ್ಟರ್ ಕರುಣಾಕರನಿಗೆ ನಗು ಬಂತು. ಮಲ್ಪೆಯಲ್ಲಿ ದೋಣಿಗಳ್ಳರನ್ನು ಹಿಡಿದು ಶಹಭಾಸ್ ಅನ್ನಿಸಿಕೊಂಡವನು, ಈಗ ಡೋಲು ಹುಡುಕಲಿಕ್ಕೆ ಹೊರಡಬೇಕೆ? ಅದೇನು ಕರ್ಮ! ಆದರೆ ಆಕೆಯ ಮುಖ ನೋಡಿ ನಗು ನುಂಗಿಕೊಂಡ.

"ಕಡಲು ನಮ್ಮ ಹಿತ್ತಿಲಿಗೆ ಬಂದು ಮುಟ್ಟಿದೆ. ತಡೆಗೋಡೆಗೆಂದು ಸರಕಾರ ಕೊಟ್ಟ ಕಲ್ಲೆಲ್ಲ ಅಧ್ಯಕ್ಷರ ತೆಂಗಿನ ತೋಟದ ಮುಂದೆ ಬಿದ್ದಿದೆ. ಅದನ್ನು ಕೇಳಲಿಕ್ಕೇ ಭಾನುವಾರ ಗ್ರಾಮಸಭೆ. ಉಡುಪಿಯ ತಾಲೂಕು ಕಚೇರಿಗೆ ಅಲೆದೂ ಅಲೆದೂ ನಾವೇ ತಂದ ಆದೇಶ. ಊರಿಡೀ ಡಂಗುರ ಸಾರದಿದ್ದರೆ ಸಭೆ ನಡೆಯುವ ಹಾಗಿಲ್ಲವಂತೆ. ಇವತ್ತು ಸಾರಬೇಕಿತ್ತು. ಮಳೆ ಕಳೆದ ಮೇಲೆ ಸಭೆ ಮಾಡಿ ಎಂತ ಪ್ರಯೋಜನ? ಆಗ ನಮ್ಮ ಮನೆ ಉಂಟಾ?"

"ಯಾರ ಮೇಲೆ ಅನುಮಾನ?"

"ಅಧ್ಯಕ್ಷರ ಮೇಲೆ. ಹೆಸರು ಹಾಕಿಯೇ ಬರೆಯಿರಿ. ನನಗೆ ಹೆದರಿಕೆ ಇಲ್ಲ."

ಎಫ್.ಐ.ಆರ್. ದಾಖಲಾಯಿತು. ಕಾನ್‌ಸ್ಟೇಬಲ್ ಮೌರಿಸನನ್ನು ಕರೆದುಕೊಂಡು ಕರುಣಾಕರ ಪಂಚಾಯತಿ ಕಚೇರಿಗೆ ಹೋದ. ಬೀಗ ಒಡೆದಿರಲಿಲ್ಲ. ಒಳಗೆ ಡೋಲು ತೂಗುತ್ತಿದ್ದ ಗೂಟ ಖಾಲಿ. ಬಾಗಿಲಿಗೆ ಕೀಲಿ ಎರಡೇ: ಒಂದು ಅಧ್ಯಕ್ಷ ಸರ್ವೋತ್ತಮರಲ್ಲಿ, ಇನ್ನೊಂದು ಜವಾನ ಕಿಟ್ಟನಲ್ಲಿ. ವರ್ಷಾನುಗಟ್ಟಲೆ ಆ ಡೋಲು ಬಾರಿಸಿದ ಕಿಟ್ಟ ಜಗಲಿಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಕುಳಿತಿದ್ದ. ಪಾಪ ಅನ್ನಿಸಿತು.

ಅಷ್ಟರಲ್ಲಿ ಅಧ್ಯಕ್ಷರು ಬಂದರು. "ಹಳೇ ಡೋಲು, ಹೋದರೆ ಹೋಗಲಿ ಬಿಡಿ. ಸಭೆಯನ್ನು ಮಳೆಗಾಲ ಕಳೆದ ಮೇಲೆ ಇಟ್ಟುಕೊಂಡರಾಯಿತು, ಅಲ್ವಾ?" ಎಷ್ಟು ಅಡಗಿಸಿದರೂ ಅವರ ಖುಷಿ ಅಡಗಲಿಲ್ಲ.

ಹತ್ತೂವರೆಗೆ ಅವರ ಮನೆ, ತೋಟ ಶೋಧಿಸಿದ್ದಾಯಿತು. ಡೋಲು ಸಿಗಲಿಲ್ಲ. ತೋಟದಾಚೆ ಕಡಲಿಗೆ ಎದುರಾಗಿ ಕರಿಕಲ್ಲಿನ ಗೋಡೆ ಮಾತ್ರ ಗಟ್ಟಿಯಾಗಿ ನಿಂತಿತ್ತು. ಅದನ್ನು ಕಂಡು ಕರುಣಾಕರನ ಪಿತ್ತ ನೆತ್ತಿಗೇರಿತು. ಆದರೆ ಅವನ ಕೈಯಲ್ಲಿದ್ದದ್ದು ಡೋಲಿನ ಪ್ರಕರಣ, ಕಲ್ಲಿನದ್ದಲ್ಲ.

ಮತ್ತೆ ಕಚೇರಿಗೇ ಬಂದ. ಗೂಟದ ಪಕ್ಕ ಇನ್ನೊಂದು ಗೂಟ. ಅದೂ ಖಾಲಿ.

"ಇಲ್ಲಿ ಎಂತ ಇತ್ತು?"

"ಡೋಲಿಗೆ ಸುತ್ತುವ ಕಂಬಳಿ," ಎಂದ ಕಿಟ್ಟ.

ಕರುಣಾಕರ ಅಲ್ಲೇ ನಿಂತ. ಡೋಲಿನ ಸದ್ದು ಅಡಗಿಸಬೇಕೆಂದವನು ಚರ್ಮ ಹರಿಯುತ್ತಾನೆ, ಇಲ್ಲವೇ ಕಡಲಿಗೆಸೆಯುತ್ತಾನೆ. ಕಡಲ ಗಾಳಿಗೆ ಚರ್ಮ ತೇವವಾದೀತೆಂದು ಹೆದರಿ ಕಂಬಳಿಯನ್ನೂ ಹೊತ್ತುಕೊಂಡು ಹೋಗುವವನು ಯಾರು?

"ಕಿಟ್ಟ, ನಿನ್ನ ಮನೆಯ ಒಲೆಯ ಮೇಲೆ ಅಟ್ಟ ಉಂಟಾ?"

ಕಿಟ್ಟ ತಲೆ ತಗ್ಗಿಸಿದ.

ಹನ್ನೆರಡೂಕಾಲಕ್ಕೆ ಇಬ್ಬರು ಪಂಚಸಾಕ್ಷಿಗಳ ಎದುರು ಅಟ್ಟದಿಂದ ಡೋಲು ಇಳಿಯಿತು. ಕಂಬಳಿ ಇನ್ನೂ ಬೆಚ್ಚಗಿತ್ತು.

"ಯಾಕೆ ತೆಗೆದೆ?"

"ಪೇಟೆಬೀದಿಯಲ್ಲಿ ಮಾತ್ರ ಹೊಡಿ, ಕಡಲ ಬದಿಗೆ ಕಾಲಿಡಬೇಡ ಅಂದರು ಅಧ್ಯಕ್ಷರು. ಅವರ ಜನ ಮಾತ್ರ ಬಂದು ಲೆಕ್ಕಕ್ಕೆ ಕೈಯೆತ್ತಿ ಹೋಗಲಿಕ್ಕೆ. ಡೋಲೇ ಇಲ್ಲದಿದ್ದರೆ ಅಂಥ ಕಳ್ಳಸಭೆಯೂ ಇಲ್ಲವಲ್ಲ ಸರ್."

"ಸಭೆ ಮಳೆಯಾಚೆಗೆ ಹೋದರೆ ಲಾಭ ಅವರಿಗೇ ಅಲ್ವಾ ಮಾರಾಯ?"

ಕಿಟ್ಟ ಕಣ್ಣು ಬಿಟ್ಟ. ಅದು ಅವನಿಗೆ ಹೊಳೆದೇ ಇರಲಿಲ್ಲ.

ಸುದ್ದಿ ತಿಳಿದು ಎಸ್ತರ್ ಬಾಯಿ ಏದುಸಿರು ಬಿಡುತ್ತ ಓಡಿಬಂದಳು. "ಅಯ್ಯೋ ದೇವರೇ, ಕಿಟ್ಟನಾ! ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಸರ್."

"ದಾಖಲಾದ ಎಫ್.ಐ.ಆರ್. ನೀವು ಹೇಳಿದ ಕೂಡಲೇ ಅಳಿಸಲಿಕ್ಕಾಗುವುದಿಲ್ಲ ಬಾಯಿ. ಮಾಲು ಸಿಕ್ಕಿದೆ, ತೆಗೆದವನು ಒಪ್ಪಿದ್ದಾನೆ. ಕಿಟ್ಟ, ನಿನ್ನನ್ನು ದಸ್ತಗಿರಿ ಮಾಡಿದ್ದೇನೆ." ಆಕೆಯ ಕಣ್ಣು ತುಂಬಿತು. ಕರುಣಾಕರನಿಗೂ ಸಂಕಟವೇ. ಆದರೆ ತಲೆ ಓಡುತ್ತಿತ್ತು. "ಇದು ಅದೇ ಡೋಲು ಹೌದೋ ಅಲ್ಲವೋ ಗುರುತು ಆಗಬೇಕು. ಊರವರು ಅದನ್ನು ಬಲ್ಲದ್ದು ಸದ್ದಿನಿಂದ. ಬಾರಿಸದೆ ಗುರುತು ಹಿಡಿಯುವುದು ಹೇಗೆ? ಮೌರಿಸ್, ಠಾಣೆಗೆ ಕಡಲ ಬದಿಯಿಂದಲೇ ಹೋಗುವ."

ಮೌರಿಸ್ ಮೀಸೆಯಡಿಯಲ್ಲೇ ನಕ್ಕ.

ಕಡಲ ಬದಿಯ ಓಣಿಯ ಬಾಯಲ್ಲಿ ಕಿಟ್ಟ ಡೋಲನ್ನು ಕೊರಳಿಗೆ ಹಾಕಿಕೊಂಡ. ಮೊದಲ ಪೆಟ್ಟಿಗೆ ಯಾರೂ ಹೊರಗೆ ಬರಲಿಲ್ಲ. ಕಿಟ್ಟ ಕೋಲು ಕೆಳಗಿಳಿಸಿದ.

"ಬರುವುದಿಲ್ಲ ಸರ್. ಎರಡು ವರ್ಷದ ಹಿಂದೆ ನಿಮಗೆ ಕಲ್ಲು ಬರುತ್ತದೆ ಅಂತ ಇಲ್ಲೇ ಸಾರಿದವನು ನಾನು. ಅವತ್ತು ಇವರು ಕರೆದು ಊಟ ಹಾಕಿದ್ದರು. ಆಮೇಲೆ ನನ್ನ ಡೋಲಿಗೆ ಯಾರೂ ಬಾಗಿಲು ತೆಗೆದಿಲ್ಲ."

"ಹೊಡಿ," ಎಂದಳು ಎಸ್ತರ್ ಬಾಯಿ. "ಕೈ ಬಿಡಬೇಡ. ಹೊಡಿ."

ಕಿಟ್ಟ ಹೊಡೆದ. ಒಂದು ಬಾಗಿಲು ತೆರೆಯಿತು, ಮತ್ತೊಂದು. ಬಲೆ ಹೆಣೆಯುತ್ತಿದ್ದವರು ಎದ್ದು ಬಂದರು. ಕಿಟ್ಟನ ಗಂಟಲು ಬಿಚ್ಚಿತು: "ಕೇಳಿರಪ್ಪೋ ಕೇಳಿ! ಭಾನುವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಗ್ರಾಮಸಭೆ! ನಮ್ಮ ಕಲ್ಲು ಎಲ್ಲಿ ಹೋಯಿತೆಂದು ಕೇಳುವವರೆಲ್ಲ ಬನ್ನಿ!"

ಗುರುತು ಹಿಡಿಯುವ ಕೆಲಸ ಪೇಟೆಬೀದಿಯಲ್ಲೂ ನಡೆಯಿತು, ಊರಿನ ಉಳಿದ ಮೂಲೆಗಳಲ್ಲೂ ನಡೆಯಿತು. ಅಧ್ಯಕ್ಷರು ಛತ್ರಿ ಬೀಸುತ್ತ ಬಂದರು. "ಇದು ಅಕ್ರಮ!"

"ಆದೇಶ ತಾಲೂಕು ಕಚೇರಿಯದ್ದು. ಡೋಲು ಪಂಚಾಯತಿಯದ್ದು. ಹೊಡೆದವನು ನಿಮ್ಮದೇ ಜವಾನ. ಅಕ್ರಮ ಯಾವುದು, ಹೇಳಿ. ಅದನ್ನೂ ಬರೆದುಕೊಳ್ಳುತ್ತೇನೆ," ಎಂದ ಕರುಣಾಕರ. ಅಧ್ಯಕ್ಷರು ಛತ್ರಿ ಮಡಚಿದರು.

ಕಿಟ್ಟನಿಗೆ ಮರುದಿನ ಜಾಮೀನಾಯಿತು. ನಿಂತವಳು ಎಸ್ತರ್ ಬಾಯಿಯೇ. ಭಾನುವಾರ ಶಾಲೆಯ ಅಂಗಳ ಸಾಲದೆ ಜನ ರಸ್ತೆಯಲ್ಲಿ ನಿಂತರು. ಮೊದಲ ಪ್ರಶ್ನೆ ಕೇಳಿದ್ದೂ ಆಕೆಯೇ. ಸಂಜೆಯಾದರೂ ಅಧ್ಯಕ್ಷರನ್ನು ಯಾರೂ ಏಳಗೊಡಲಿಲ್ಲ. ಆ ಕರಿಕಲ್ಲನ್ನು ಕಡಲ ಬದಿಗೆ ಸಾಗಿಸುವುದೆಂದು ಠರಾವು ಪಾಸಾದ ಮೇಲೆಯೇ ಬಿಟ್ಟದ್ದು.

ಡಂಗುರ ಸಾರಿದ ಶುಕ್ರವಾರವೇ ಠಾಣೆಗೆ ಮರಳಿದ ಕರುಣಾಕರ ಪ್ರಕರಣದ ಡೈರಿ ತೆರೆದು, ಕೃತ್ಯದ ಉದ್ದೇಶ ಎಂಬಲ್ಲಿ ಬರೆದಿದ್ದ: 'ಲಾಭಕ್ಕಾಗಿ ಅಲ್ಲ. ಅದೇ ಜನಕ್ಕೆ ಎರಡನೇ ಸಲ ಮೋಸ ಮಾಡಲು ಆರೋಪಿಗೆ ಮನಸ್ಸಾಗಲಿಲ್ಲ.'