ಒಂದು ಗುಡಿಸಿನ ಜಗಳ

ಚಿತ್ರ ಬದಲಿಸುವುದಿಲ್ಲವೆಂದರೆ ಬದಲಿಸುವುದಿಲ್ಲ, ಅಷ್ಟೇ. ಪ್ರಕಾಶಕರ ಮುಖದ ಮೇಲೆ ಹಾಗೆಂದು ಹೇಳಿಬಂದ ಚಿತ್ರಗಾರ್ತಿ ಅದೇ ಬಿಸಿಯಲ್ಲಿ ಮೆಟ್ಟಿಲ ಕೆಳಗಿನ ಪ್ರೂಫ್ ಕೋಣೆಗೆ ನುಗ್ಗಿದಳು. ಅದರ ಬಾಗಿಲಲ್ಲಿ ಎಲ್ಲರೂ ಬಗ್ಗಿಯೇ ಬರಬೇಕು. ಗಿಡ್ಡಿಯಾದ ಅವಳಿಗೆ ಮಾತ್ರ ಆ ಕಷ್ಟವಿರಲಿಲ್ಲ.

ಒಳಗಿದ್ದವನು ಕರಡು ತಿದ್ದುವ ಉದ್ದನೆಯ ಹುಡುಗ. ಮಾತಿನ ನಡುವೆ ನಿಂತು ನಿಂತು ಹೋಗುವ ಅವನನ್ನು ಪ್ರೆಸ್ಸಿನವರು ಅಲ್ಪವಿರಾಮ ಎನ್ನುತ್ತಿದ್ದರು. ಅವಳು ಬಂದರೆ ಪೂರ್ಣವಿರಾಮವೇ. ಅದು ಗೊತ್ತಿದ್ದೇ ಅವಳು ನೆಪ ಹುಡುಕಿಕೊಂಡು ಬರುತ್ತಿದ್ದಳು.

ಇವತ್ತು ನೆಪವಲ್ಲ, ಜಗಳ. ಮರುಮುದ್ರಣಕ್ಕೆ ಬಂದಿದ್ದದ್ದು ಅವಳು ಚಿಕ್ಕಮ್ಮನ ಹಳೇ ಪ್ರತಿಯಲ್ಲಿ ಓದಿ ಓದಿ ಬಾಯಿಪಾಠ ಮಾಡಿಕೊಂಡಿದ್ದ ಕಾದಂಬರಿ. ಕೊನೆಯಲ್ಲಿ ನಾಯಕಿ 'ಬಾಗದ ತಲೆಯಲ್ಲೇ' ಗಂಡನ ಮನೆ ಬಿಟ್ಟು ಹೊಸಿಲು ದಾಟುತ್ತಾಳೆ. ಚಿತ್ರಗಾರ್ತಿ ಬರೆದದ್ದೂ ಅದನ್ನೇ: ಗಿಡ್ಡ ಬಾಗಿಲು, ನೆಟ್ಟಗಿನ ಕತ್ತು, ಹಣೆಗೆ ಏಟು ಬಿದ್ದ ಕೆಂಪು. ಹೊಸ ಕರಡಿನಲ್ಲಿ ಮಾತ್ರ 'ಬಾಗಿದ ತಲೆ' ಎಂದಿತ್ತು. ತಲೆ ತಗ್ಗಿಸಿದಂತೆ ಚಿತ್ರ ಬರೆಯದಿದ್ದರೆ ಪುಸ್ತಕವನ್ನೇ ಬೇರೆ ಚಿತ್ರಗಾರರಿಗೆ ಕೊಡುವುದಾಗಿ ಪ್ರಕಾಶಕರು ಹೇಳಿದ್ದರು.

"ಇಲ್ಲಿ 'ಗ'ಕ್ಕೆ ಗುಡಿಸು ಹಾಕಿದ್ದು ಯಾರು?"

"ನಾನೇ. ಅಚ್ಚಿನ ತಪ್ಪು ಅನ್ಕೊಂಡೆ. ಅಷ್ಟು ಗಿಡ್ಡ ಬಾಗಿಲು... ಬಗ್ಗದೆ ದಾಟೋದು ಹೇಗೆ?"

"ಏಟು ತಿಂದು ದಾಟ್ತಾಳೆ. ಆ ಮನೇಲಿ ಬಗ್ಗಿ ಬಗ್ಗಿ ಸಾಕಾದೋಳು, ಹೋಗೋವಾಗ್ಲೂ ಬಗ್ಗಬೇಕಾ?"

ಅವನು ಚಿತ್ರ ನೋಡಿದ, ಆಮೇಲೆ ಅವಳನ್ನು ನೋಡಿದ. ನೋಟ ಅಲ್ಲೇ ನಿಂತುಬಿಟ್ಟಿತು. ಕರಡು ಎತ್ತಿಕೊಂಡು ಪ್ರಕಾಶಕರ ಕೋಣೆಗೆ ಹೊರಟ. ಅವರು ಅವನ ಸೋದರಮಾವ. ಅವರೆದುರು ಅವನೆಂದೂ ದನಿ ಎತ್ತಿದವನಲ್ಲ. ಅವಳೂ ಹಿಂದೆಯೇ ಹೋದಳು.

ಅವನು ತಪ್ಪು ತನ್ನದೆಂದ. ಒಂದು ಗುಡಿಸಿಗೆ ಇಷ್ಟು ರಂಪವೇ, ಓದುವವರಿಗೆ ತಲೆ ತಗ್ಗಿಸಿದ ಹೆಣ್ಣೇ ಚೆಂದ ಎಂದು ಮಾವ ಗೊಣಗಿದರು.

"ಅಂಥವಳು ಈ ಕಾದಂಬರೀಲಿಲ್ಲ ಮಾವ. ಈ ಚಿತ್ರ ತೆಗೆದ್ರೆ ನಿಮ್ಮ ಕರಡು ನೋಡೋಕೆ ನಾನೂ ಇರಲ್ಲ."

ಒಂದೇ ಉಸಿರಿನ ಮಾತು, ನಡುವೆ ಎಲ್ಲೂ ನಿಲ್ಲಲಿಲ್ಲ. ಮಾವ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. ಆಮೇಲೆ, ಏನಾದರೂ ಮಾಡಿಕೊಳ್ಳಿ, ಚಿತ್ರ ಹಾಗೇ ಅಚ್ಚಿಗೆ ಹೋಗಲಿ ಎಂದರು.

ಪ್ರೂಫ್ ಕೋಣೆಗೆ ಅವಳು ಮೊದಲು ನುಗ್ಗಿದಳು. ಹಿಂದೆ ಬಂದವನ ಹಣೆ ಬಾಗಿಲಿಗೆ ಧಡ್ ಎಂದು ಬಡಿಯಿತು.

"ಬಗ್ಗೋದಲ್ವಾ?" ಅವಳು ತುದಿಗಾಲಲ್ಲಿ ನಿಂತು ಅಂಗೈಯನ್ನು ಅವನ ಹಣೆಗೆ ಒತ್ತಿದಳು.

"ನಿಮ್ಮನ್ನೇ ನೋಡ್ತಿದ್ದೆ, ಮರೆತೆ. ನೀವಂದ್ರೆ ನಂಗೆ..." ಎಂದವನು ಎಂದಿನಂತೆ ನಿಂತುಹೋದ.

ಅವಳು ಕಾದಳು. ಅವನ ಕಿವಿ ಕೆಂಪಾಯಿತು.

"...ತುಂಬಾ ಇಷ್ಟ."

ಅವಳಿಗೂ ನಾಚಿಕೆಯಾಯಿತು. ಆದರೆ ತಲೆ ತಗ್ಗಿಸಲಿಲ್ಲ. ನೆಟ್ಟಗೆ ಅವನ ಕಣ್ಣನ್ನೇ ನೋಡುತ್ತ, "ನಂಗೂ" ಎಂದಳು.